154 ಕಿಲೋಮೀಟರ್, ಬರೀ ಕಾಲ್ನಡಿಗೆ

ಏಳೆಂಟು ದಿನ ಬರೀ ನಡೆಯೋದು.
ಸ್ನೇಹಿತರ ಜೊತೆ ಹೊರಡ್ತೀರಾ?

ಇದು ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ವೇ.
1980ರಲ್ಲಿ ತೆರೆದ ಕಾಲುದಾರಿ.
ಗ್ಲಾಸ್ಗೋ ಪಕ್ಕದ ಮಲ್‌ಗೈ ಊರಲ್ಲಿ ಶುರು.
ಬರೆಯೋದು ಮಿಲ್ನ್‌ಗೇವಿ ಅಂತ,
ಕರೆಯೋದು ಮಲ್‌ಗೈ. ಇರಲಿ ಬಿಡಿ!

ಮೊದಲು ಲೋಮಂಡ್ ಸರೋವರದ ದಂಡೆ.
ಬೇರು, ಬಂಡೆ.
ಹರಟೆ ತಾನಾಗೇ ನಿಲ್ಲುತ್ತೆ,
ಎಲ್ಲರ ಕಣ್ಣೂ ಕಾಲಡಿಗೆ.

ಆಮೇಲೆ ರಾನಖ್ ಮೂರ್ ಬಯಲು.
ನೆಲ ಹೇಗಿದೆ ಗೊತ್ತಾ?
ಮಳೆಯಲ್ಲಿ ನೆನೆದ ಹತ್ತಿ ಹಾಸಿಗೆ ಥರ.
ಒತ್ತಿದ್ರೆ ನೀರು!
ಮತ್ತೆ ಕಾಲು ಹೂತುಹೋಗಲ್ವಾ?
ಇಲ್ಲ.
ನೀವು ನಡೆಯೋದು ಹಳೇ ಕಲ್ಲುದಾರಿ ಮೇಲೆ.
ದನ ಹೊಡ್ಕೊಂಡು ಸಂತೆಗೆ ಹೋಗ್ತಿದ್ದವರ ದಾರಿ ಅದು.

ಮುಂದೆ ಡೆವಿಲ್ಸ್ ಸ್ಟೇರ್‌ಕೇಸ್.
ದೆವ್ವದ ಮೆಟ್ಟಿಲು!
ಹೆದರಬೇಡಿ, ಮೆಟ್ಟಿಲೇ ಇಲ್ಲ.
18ನೇ ಶತಮಾನದಲ್ಲಿ ಸೈನಿಕರು ಮಾಡಿದ ಅಂಕುಡೊಂಕು ಹಾದಿ.
ಸುಮಾರು 550 ಮೀಟರ್ ಎತ್ತರ.
ಇಡೀ ದಾರಿಯಲ್ಲಿ ಇದೇ ಹೆಚ್ಚು.

ನನ್ನ ಕೇಳಿದ್ರೆ, ನಿಜವಾದ ದೆವ್ವ ಮಿಡ್ಜ್.
ಎಳ್ಳಿಗಿಂತ ಸಣ್ಣ ನುಸಿ.
ಗಾಳಿ ಬೀಸಿದ್ರೆ ಮಾಯ,
ಗಾಳಿ ನಿಂತ್ರೆ ಮುಖದ ತುಂಬಾ!

ಕೊನೆಗೆ ಫೋರ್ಟ್ ವಿಲಿಯಂ.
ಅಲ್ಲೊಂದು ಪ್ರತಿಮೆ ಇದೆ.
ರಾಜನದ್ದಲ್ಲ, ಸೇನಾಪತಿಯದ್ದೂ ಅಲ್ಲ.
ಬೆಂಚಿನ ಮೇಲೆ ಕೂತು
ನೋಯೋ ಪಾದ ಉಜ್ಜಿಕೊಳ್ತಿರೋ ಒಬ್ಬ ಮನುಷ್ಯ.
ಅವನ ಪಕ್ಕ ಜಾಗ ಇದೆ.
ಕೂತು ಬೂಟು ಬಿಚ್ಚಿ.