ಗಿಡ ಒಣಗಿತು, ಗೂಟ ಚಿಗುರಿತು

ನನ್ನ ಮಾವಿನ ತೋಟ ನೋಡಬೇಕು ಅಂತ ಯಾರಾದರೂ ಬಂದರೆ ನಾನು ಮೊದಲು ತೋರಿಸುವುದು ಗೊಬ್ಬರದ ಗಿಡಗಳನ್ನು. ಹನ್ನೆರಡು ಅಡಿ ಎತ್ತರ, ಹಸಿರೋ ಹಸಿರು. ಅವನ್ನು ನಾನು ಬೆಳೆಸಿದ್ದಲ್ಲ. 2014ರ ಜೂನಿನಲ್ಲಿ ಎರಡೆಕರೆಗೆ 90 ಮಾವಿನ ಕಸಿ ಗಿಡ ನೆಟ್ಟೆ. ಗಾಳಿಗೆ ಮುರಿಯಬಾರದು ಅಂತ ಒಂದೊಂದಕ್ಕೂ ಒಂದು ಗೂಟ ಹುಗಿದು ಕಟ್ಟಿದೆ. ಗೂಟಕ್ಕೆ ಕೈಗೆ ಸಿಕ್ಕಿದ್ದು ಗೊಬ್ಬರದ ಗಿಡದ ಕೊಂಬೆ. ವರ್ಷ ತುಂಬುವ ಹೊತ್ತಿಗೆ ಎಷ್ಟೋ ಗುಂಡಿಯಲ್ಲಿ ಮಾವು ಒಣಗಿ ಕಡ್ಡಿಯಾಗಿತ್ತು, ಗೂಟ ಚಿಗುರಿ ಗಿಡವಾಗಿತ್ತು. ನಾನು ನೀರು ಹೊತ್ತದ್ದು ಮಾವಿಗೆ, ಕುಡಿದದ್ದು ಗೂಟ!

ಪಕ್ಕದ ಹೊಲದವನು ಬದುವಿನ ಮೇಲೆ ನಿಂತು ಕೇಳಿದ, ‘ಏನಣ್ಣಾ, ಗೂಟದ ಬೆಳೆ ಈ ಸಲ ಬಾರಿ ಚೆನ್ನಾಗಿ ಬಂದೈತಲ್ಲ, ಮಾರ್ಕೆಟ್ಟು ಎಲ್ಲಿ?’

ನಮ್ಮದು ಹಿರಿಯೂರು ತಾಲ್ಲೂಕು. ಮಳೆ ವರ್ಷಕ್ಕೆ 500-600 ಮಿ.ಮೀ. ಅಂತ ಲೆಕ್ಕ ಹೇಳುತ್ತಾರೆ. ಲೆಕ್ಕದ ಮಳೆ ಬೇರೆ, ಹೊಲದ ಮಳೆ ಬೇರೆ. ಮಲೆನಾಡಿನವರು ತೋಟದ ಬಸಿಗಾಲುವೆ ಬಗ್ಗೆ ಬರೆದದ್ದನ್ನು ನಾನು ಕಥೆ ಓದಿದ ಹಾಗೆ ಓದುತ್ತೇನೆ. ನೀರು ಹೆಚ್ಚಾಗಿ ಹೊರಗೆ ಕಳಿಸುವುದಕ್ಕೂ ಕಾಲುವೆ ತೋಡುತ್ತಾರೆ ಅಂದರೆ ನಮ್ಮ ಮನೆಯಾಕೆ ಈಗಲೂ ನಂಬುವುದಿಲ್ಲ.

ನೆಟ್ಟ ತಿಂಗಳಿಗೇ ಆಷಾಢದ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಮೋಡ ತಲೆ ಮೇಲೆ ಓಡುತ್ತದೆ, ಹನಿ ಬೀಳುವುದಿಲ್ಲ, ಮಣ್ಣಿನ ಹಸಿಯನ್ನು ಗಾಳಿಯೇ ಹೀರುತ್ತದೆ. ಹಸಿ ಉಳಿಯಲಿ ಅಂತ ಬುಡಕ್ಕೆ ಶೇಂಗಾ ಹೊಟ್ಟು ಮುಚ್ಚಿದೆ. ಗೆದ್ದಲಿಗೆ ಹಬ್ಬವಾಯಿತು. ಹೊಟ್ಟು ತಿಂದು ಮುಗಿಸಿ, ಊಟದ ಮೇಲೆ ಎಲೆಅಡಿಕೆ ಎಂಬಂತೆ ಗಿಡದ ತೊಗಟೆ ತಿಂದವು. ಉಳಿದದ್ದಕ್ಕೆ ಮೇಕೆ. ಬಳ್ಳಾರಿ ಜಾಲಿ ಮುಳ್ಳು ಕಟ್ಟಿದರೆ ಮೇಕೆ ಹಿಂಗಾಲ ಮೇಲೆ ನಿಂತು ಮುಳ್ಳಿನ ಮೇಲಿಂದ ಕತ್ತು ಚಾಚಿ ಕುಡಿ ಕಡಿಯಿತು. ಮೊದಲ ವರ್ಷ ಹೋದದ್ದು 34 ಗಿಡ. 2015ರಲ್ಲಿ ಮತ್ತೆ 30 ತಂದು ನೆಟ್ಟೆ. ಗಿಡಕ್ಕೆ 45 ರೂಪಾಯಿ. ಬುದ್ಧಿ ಬರಲು ಒಂದು ಸಲ ಸಾಲದು.

ಆಗ ಬೋರಿನಲ್ಲಿ ಒಂದೂವರೆ ಇಂಚು ನೀರಿತ್ತು, 620 ಅಡಿಯದ್ದು. 2016ರಲ್ಲಿ ಮುಂಗಾರೂ ಇಲ್ಲ, ಹಿಂಗಾರೂ ಇಲ್ಲ. 2017ರ ಫೆಬ್ರವರಿಯಲ್ಲಿ ಬೋರು ಬರೀ ಗಾಳಿ ಉಗುಳಿತು. ಮೋಟಾರು ಹಾಕಿದರೆ ಪೈಪಿನಲ್ಲಿ ಮುದುಕರು ಕೆಮ್ಮಿದ ಸದ್ದು. ಆ ಬೇಸಿಗೆಗೆ 11 ಟ್ಯಾಂಕರ್ ನೀರು ತರಿಸಿದೆ, 600ರಂತೆ 6,600 ರೂಪಾಯಿ. ಟ್ಯಾಂಕರಿಗೂ ನೀರು ಸಿಗದ ದಿನ ಮನೆಯ ಕೊಡಗಳನ್ನೇ ಗಾಡಿಗೆ ಏರಿಸಿದೆ. ‘ತಗಂಡ್ ಹೋಗ್ರಿ, ಎಲ್ಲಾ ತಗಂಡ್ ಹೋಗ್ರಿ. ಇವತ್ತು ಮುದ್ದೆ ತೊಳಸಾಕೆ ನಿಮ್ ಮಾವಿನ ಗಿಡಾನೇ ಹಿಂಡ್ತೀನಿ’ ಅಂದಳು ಮನೆಯಾಕೆ. ನಾನು ಮಾತಾಡದೆ ಎತ್ತು ಹೊಡೆದೆ. ಮಾತಾಡಲು ನನ್ನ ಹತ್ತಿರ ಏನಿತ್ತು?

ಮಗ ಹೇಳಿದ್ದು ಬೇರೆ. ‘ಅಪ್ಪಾ, ಸಾವಿರ ಅಡಿ ಬೋರು ಹೊಡೆಸು, ಮಾವು ಕಿತ್ತು ಅಡಿಕೆ ಹಾಕಾನ. ಎಲ್ಲಾರೂ ಹಾಕ್ತಾ ಅವ್ರೆ.’ ಬೋರು, ಮೋಟಾರು, ಪೈಪು ಸೇರಿ ಮೂರು ಲಕ್ಷ ಆಗುತ್ತಿತ್ತು. ಆ ಎರಡೆಕರೆಯ ಪಹಣಿ ಇಟ್ಟು ಸಾಲ ತರಬೇಕು. ನೀರು ಬೀಳದಿದ್ದರೆ ಹೊಲವೂ ಇಲ್ಲ. ಆದರೂ ಒಪ್ಪಿದೆ. ಪಾಯಿಂಟು ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲವೆಲ್ಲ ತಿರುಗಿದರು. ಕಾಯಿ ಎದ್ದು ನಿಂತದ್ದು ಒಂದು ಒಣಗಿದ ಮಾವಿನ ಬುಡದಲ್ಲಿ. ಅಲ್ಲಿ ಕಲ್ಲು ಹುಗಿಯಬೇಕಿತ್ತು. ಗಿಡ ಹಿಡಿದು ಎಳೆದೆ. ಮೂರು ವರ್ಷದ ಗಿಡ, ಮೂಲಂಗಿ ಕಿತ್ತಷ್ಟು ಸಲೀಸಾಗಿ ಬಂತು.

ಬೇರು ನೋಡಿ ನಿಂತುಬಿಟ್ಟೆ. ನರ್ಸರಿಯ ಪ್ಲಾಸ್ಟಿಕ್ ಚೀಲದೊಳಗೆ ಹೇಗೆ ಸುತ್ತಿಕೊಂಡಿತ್ತೋ ಹಾಗೇ ಇತ್ತು, ಹೆಂಗಸರು ಕೊಡ ಹೊರಲು ತಲೆಗೆ ಇಡುವ ಸಿಂಬೆಯ ಹಾಗೆ. ಕೆಳಗೆ ಇಳಿಯುವ ತಾಯಿಬೇರೇ ಇಲ್ಲ. ಇನ್ನೊಂದು ಕಿತ್ತೆ, ಅದೂ ಸಿಂಬೆ. ಸತ್ತ ಗಿಡ ಹನ್ನೆರಡು ಕಿತ್ತೆ, ಒಂಬತ್ತು ಹೀಗೇ. ಮೂರು ವರ್ಷ ನಾನು ಹೊತ್ತ ನೀರೆಲ್ಲ ಒಂದಡಿ ಆಳದ ಈ ಸಿಂಬೆಗೆ! ಒಂದು ವಾರ ನೀರು ತಪ್ಪಿದರೆ ಸಾಯದೆ ಇನ್ನೇನು ಮಾಡೀತು? ಸಾವಿರ ಅಡಿಯಿಂದ ನೀರೆತ್ತಿ ಒಂದಡಿ ಬೇರಿಗೆ ಕೊಡಲು ಹೊಲ ಅಡವಿಡುವುದೇ ಅನ್ನಿಸಿತು. ಪಾಯಿಂಟಿನವರಿಗೆ 1,000 ರೂಪಾಯಿ, ತೆಂಗಿನಕಾಯಿ ಕೊಟ್ಟು ಕಳಿಸಿದೆ. ಮಗ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟ. ಆಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋದ. ಈಗಲೂ ತೋಟದ ಸುದ್ದಿ ಕೇಳುವುದಿಲ್ಲ. ಸೀತಾಫಲ ಹಣ್ಣಾಯಿತಾ ಅಂತ ಮಾತ್ರ ಕೇಳುತ್ತಾನೆ.

ಸೀತಾಫಲ ನಾನು ನೆಟ್ಟದ್ದಲ್ಲ, ಬದುವಿನ ಕಲ್ಲುಗುಡ್ಡೆಯಲ್ಲಿ ತಾನಾಗಿ ಹುಟ್ಟಿದ್ದು. ಆ ಬೇಸಿಗೆಯಲ್ಲಿ ಎಲೆ ಉದುರಿಸಿಕೊಂಡು ಸತ್ತಂತೆ ನಿಂತಿತ್ತು. ಭರಣಿ ಮಳೆಯ ನಾಲ್ಕು ಹನಿಗೆ ಚಿಗುರಿತು. ಮೇಕೆ ಅದರ ಎಲೆ ಮೂಸಿ ನೋಡಿ ಮುಂದೆ ಹೋಗುತ್ತದೆ. ಬೇಲಿ ಬೇಡ, ನೀರು ಬೇಡ, ಯಜಮಾನನೂ ಬೇಡ. 2018ರಲ್ಲಿ ಅದರ ಒಳ್ಳೆಯ ಹಣ್ಣಿನ ಬೀಜ ಇಟ್ಟುಕೊಂಡು 2019ರ ಮಳೆಗೆ ನೆನೆಹಾಕಿ, ಮಾವಿನ ಸಾಲುಗಳ ನಡುವೆ ಹೊಲದಲ್ಲೇ ಊರಿದೆ. ಅದೇ ಜೂನಿನಲ್ಲಿ ಖಾಲಿ ಬಿದ್ದಿದ್ದ 40 ಮಾವಿನ ಗುಂಡಿಗೆ ನಾಟಿ ಮಾವಿನ ವಾಟೆ ಮೂರು ಮೂರು ಹಾಕಿದೆ. ವಾಟೆ ಹಣ್ಣು ತಿಂದ ವಾರದೊಳಗೆ ಮಣ್ಣಿಗೆ ಬೀಳಬೇಕು, ಒಣಗಿಸಿಟ್ಟರೆ ಹುಟ್ಟುವುದಿಲ್ಲ. ನೆಂಟರಿಷ್ಟರಿಗೆಲ್ಲ ಹಣ್ಣು ತಿನ್ನಿಸಿ ವಾಟೆ ಕೇಳಿ ಇಸಿದುಕೊಂಡೆ. ‘ಮಾವನಿಗೆ ಬಿಸಿಲು ನೆತ್ತಿಗೇರೈತೆ’ ಅಂದ ಅಳಿಯ.

33 ಗುಂಡಿಯಲ್ಲಿ ಹುಟ್ಟಿತು. ಗುಂಡಿಗೊಂದು ಉಳಿಸಿ ಉಳಿದದ್ದು ಕಿತ್ತೆ. ಕಿತ್ತ ಸಸಿ ಮೇಲೆ ಒಂದು ಗೇಣು, ಕೆಳಗೆ ಎರಡು ಗೇಣು ಬೇರು, ದಬ್ಬಳದಂತೆ ನೆಟ್ಟಗೆ. ಮೊದಲ ಎರಡು ಬೇಸಿಗೆ ಹದಿನೈದು ದಿನಕ್ಕೊಂದು ಕೊಡ ನೀರು, ಅಷ್ಟೇ. 2021ರ ಜುಲೈನಲ್ಲಿ ಕಸಿ ಕಟ್ಟುವವರನ್ನು ಕರೆಸಿ ನಿಂತಲ್ಲೇ ಕಸಿ ಕಟ್ಟಿಸಿದೆ. 24 ಕೂಡಿಕೊಂಡವು. ಕಡ್ಡಿ ತಂದದ್ದು ನಾನೇ ಹಣ್ಣು ತಿಂದು ನೋಡಿದ್ದ ಮರಗಳಿಂದ.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಚೀಲದ ಗಿಡಗಳಲ್ಲಿ ಉಳಿದಿದ್ದವು ಆ ವರ್ಷವೇ ಮೊದಲು ಹಣ್ಣು ಬಿಟ್ಟವು. ‘ಬಾದಾಮಿ’ ಎಂದು ಚೀಟಿ ಕಟ್ಟಿ ಕೊಟ್ಟಿದ್ದ ಗಿಡದಲ್ಲಿ ಗಿಣಿಮೂತಿಯ ತೋತಾಪುರಿ! ಎಲ್ಲಕ್ಕಿಂತ ಸೊಂಪಾಗಿ ಬೆಳೆದಿದ್ದ ಒಂದಕ್ಕೆ ನಾನು ದಿನಾ ಹೋಗಿ ಮೈ ಸವರುತ್ತಿದ್ದೆ. ಅದರ ಹಣ್ಣು ನಾಲಿಗೆಗಿಟ್ಟರೆ ಕಣ್ಣು ಮುಚ್ಚುವಷ್ಟು ಹುಳಿ. ಬಗ್ಗಿ ನೋಡಿದರೆ ಕಸಿ ಯಾವಾಗಲೋ ಸತ್ತಿದೆ, ಗಂಟಿನ ಕೆಳಗಿನ ನಾಟಿ ಚಿಗುರು ಮರವಾಗಿದೆ. ಗಂಟಿನ ಕೆಳಗೆ ಬರುವ ಚಿಗುರನ್ನು ಆಗಾಗ ಚಿವುಟಬೇಕು ಎಂಬುದು ನನಗೆ ಏಳು ವರ್ಷದ ಮೇಲೆ ಗೊತ್ತಾಯಿತು. ಈಗ ಅದು ಉಪ್ಪಿನಕಾಯಿ ಮರ. ಮನೆಯಾಕೆ ಮೆಚ್ಚಿದ ಮರ ಅದೊಂದೇ.

2022ರಲ್ಲಿ ಮಳೆ ಹೇಗೆ ಬಂತು ಅಂದರೆ, 1933ರಲ್ಲಿ ಬಿಟ್ಟರೆ ಮತ್ತೆ ಕೋಡಿ ಬೀಳದಿದ್ದ ಮಾರಿಕಣಿವೆ ಕೋಡಿ ಬಿತ್ತು. ಜನ ಗಾಡಿ ಕಟ್ಟಿಕೊಂಡು ನೋಡಲು ಹೋದರು, ನಾನು ನೀರು ನಿಂತ ಗುಂಡಿ ಒಡೆಯುತ್ತಾ ಕೂತೆ. ಬಸಿಗಾಲುವೆ! ಮರುವರ್ಷ 2023ರಲ್ಲಿ ಮತ್ತೆ ಬರ. ಆ ಬೇಸಿಗೆ ಕಳೆದಾಗ ವಾಟೆಯ 24ರಲ್ಲಿ 22 ಒಂದು ಕೊಡ ನೀರೂ ಕುಡಿಯದೆ ನಿಂತಿದ್ದವು. ಚೀಲದ 120ರಲ್ಲಿ ಇವತ್ತು ಇರುವುದು 28. ಇನ್ನು ಆಲಿಕಲ್ಲಿನ ಮಾತು ಬೇಡ. ವರ್ಷವಿಡೀ ಕರೆದರೂ ಬಾರದ ಮಳೆ, ಕಾಯಿ ಇಳಿಸುವ ಹಿಂದಿನ ದಿನ ಕಲ್ಲು ಹಿಡಿದುಕೊಂಡು ಬರುತ್ತದೆ.

ಸೀತಾಫಲ 60 ಗಿಡ ಇವೆ. 2025ರಲ್ಲಿ 20 ಕೆ.ಜಿ.ಯ 22 ಕ್ರೇಟು ಹೆದ್ದಾರಿ ಬದಿಯಲ್ಲಿ ಮಾರಿದೆ. ಕೆ.ಜಿ.ಗೆ 35ರಂತೆ 15,400 ರೂಪಾಯಿ. ದೊಡ್ಡ ದುಡ್ಡಲ್ಲ. ಆದರೆ ಆ ಎರಡೆಕರೆಯ ಪಹಣಿ ನನ್ನ ಟ್ರಂಕಿನಲ್ಲೇ ಇದೆ.

ಇನ್ನೂ ಹೆಚ್ಚು ಮಾರುತ್ತಿದ್ದೆ, ಕರಡಿ ಬಿಟ್ಟಿದ್ದರೆ. ಕಾಯಿ ಕಣ್ಣು ಬಿಟ್ಟು ನಡುವೆ ಬೆಳ್ಳಗಾದರೆ ಕೀಳುವ ಹದ. ನಾಳೆ ಕೀಳೋಣ ಅಂತ ನಾನು ಅಂದುಕೊಂಡ ರಾತ್ರಿಯೇ ಗುಡ್ಡದಿಂದ ಇಳಿಯುತ್ತದೆ. ಹದ ನೋಡುವುದರಲ್ಲಿ ನನಗಿಂತ ಒಂದು ದಿನ ಮುಂದು. ರೇಡಿಯೋ ಹಚ್ಚಿ ಮರಕ್ಕೆ ಕಟ್ಟಿದೆ. ಎರಡು ದಿನ ಬರಲಿಲ್ಲ. ಮೂರನೇ ದಿನ ರೇಡಿಯೋ ಇದ್ದ ಮರದ ಕೆಳಗೇ ಕೂತು ತಿಂದು ಹೋಗಿತ್ತು. ಅದು ಬದುವಿನಲ್ಲಿ ಹಾಕಿದ ಲದ್ದಿಯಿಂದ ಹುಟ್ಟಿದ ಸೀತಾಫಲದ ಸಸಿ ಎಣಿಸಿದೆ, ಹದಿನಾಲ್ಕು. ಗುಂಡಿ ತೆಗೆದಿಲ್ಲ, ಗೂಟ ಹುಗಿದಿಲ್ಲ, ನನ್ನವಕ್ಕಿಂತ ಚೆನ್ನಾಗಿವೆ.

ಕರಡಿಗೆ ನೋವಾಗದ ಉಪಾಯ ಯಾರಿಗಾದರೂ ಗೊತ್ತಿದ್ದರೆ ಪತ್ರಿಕೆಗೆ ಬರೆಯಿರಿ. ಪಟಾಕಿ ಮಾತ್ರ ಹೇಳಬೇಡಿ. ಹೋದ ಸಲ ಪಟಾಕಿಗೆ ಕರಡಿ ಅಲ್ಲಾಡಲಿಲ್ಲ, ನಮ್ಮ ಎತ್ತು ಹಗ್ಗ ಕಿತ್ತುಕೊಂಡು ಓಡಿ ಮೂರು ಮೈಲಿ ಆಚೆ ಸಿಕ್ಕಿತು.