ತಪ್ಪನ್ನು ವಿಚಾರಿಸುವ ಬಗೆ

ಕಚೇರಿಯಲ್ಲಾಗಲಿ, ಕಾರ್ಖಾನೆಯಲ್ಲಾಗಲಿ, ಕೈಕೆಳಗಿನವರಿಂದ ಪ್ರಮಾದವೊಂದು ಘಟಿಸಿದಾಗ ಮೇಲಧಿಕಾರಿಯ ಬಾಯಿಂದ ಹೊರಡುವ ಮೊದಲ ಮಾತು ಪ್ರಾಯಶಃ "ಯಾರು ಮಾಡಿದ್ದು?" ಎಂಬುದೇ; ಅದಕ್ಕೆ ಉತ್ತರ ದೊರೆತು, ಮೆಮೊ ಟೈಪಾಗಿ, ಸಹಿ ಬಿದ್ದು, ಫೈಲು ಸೇರಿದೊಡನೆ ವಿಷಯ ಇತ್ಯರ್ಥವಾಯಿತೆಂದು ಭಾವಿಸುವ ಸಂಪ್ರದಾಯ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಇದರಿಂದ ಕಡಿಮೆಯಾಗುವುದು ತಪ್ಪಲ್ಲ, ತಪ್ಪಿನ ಸುದ್ದಿ.

ಅಮೆರಿಕದ ಎರಡು ಆಸ್ಪತ್ರೆಗಳ ಎಂಟು ವಾರ್ಡುಗಳಲ್ಲಿ ರೋಗಿಗಳಿಗೆ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಪರಿಶೀಲಿಸಹೊರಟ ಏಮಿ ಎಡ್ಮಂಡ್‌ಸನ್ ಎಂಬ ವಿದುಷಿಗೆ, ಒಗ್ಗಟ್ಟೂ ಸಮರ್ಥ ನಾಯಕತ್ವವೂ ಉಳ್ಳ ತಂಡಗಳಲ್ಲಿ ತಪ್ಪು ಕಡಿಮೆಯಿರಬೇಕೆಂಬ ನಿರೀಕ್ಷೆ ಸಹಜವಾಗಿಯೇ ಇತ್ತು. ಲೆಕ್ಕ ನೋಡಿದರೆ ಸಂಗತಿ ತಲೆಕೆಳಗು: ಅಂಥ ತಂಡಗಳಲ್ಲಿಯೇ ದಾಖಲಾದ ತಪ್ಪುಗಳು ಹೆಚ್ಚು! ಅಲ್ಲಿಯ ದಾದಿಯರು ಹೆಚ್ಚು ಎಡವುತ್ತಿದ್ದರೆಂದಲ್ಲ, ನಡೆದುದನ್ನು ಮೇಲಿನವರ ಮುಂದೆ ನಿರ್ಭೀತಿಯಿಂದ ನಿವೇದಿಸಬಲ್ಲವರಾಗಿದ್ದರು ಎಂಬುದು 1996ರಲ್ಲಿ ಪ್ರಕಟವಾದ ಅವರ ಪ್ರಬಂಧದ ವಿವರಣೆ.

ಹಾಗಾದರೆ ವಿಚಾರಿಸತಕ್ಕದ್ದು ಹೇಗೆ? ಹತ್ತು ಜನರೆದುರಿಗಲ್ಲ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಎದುರಿನವರನ್ನು ಕುಳ್ಳಿರಿಸಿ. "ಏಕೆ ಹೀಗೆ ಮಾಡಿದಿರಿ?" ಎಂದರೆ ಸಮರ್ಥನೆ ದೊರೆಯುತ್ತದೆ, "ಆ ಹೊತ್ತಿನಲ್ಲಿ ನಿಮಗೆ ಕಂಡದ್ದೇನು?" ಎಂದು ಕೇಳಿ ಸುಮ್ಮನೆ ಕುಳಿತರೆ, ಒಂದೇ ಬಣ್ಣದ ಎರಡು ಸೀಸೆಗಳೋ, ವೈದ್ಯರ ಅಸ್ಪಷ್ಟ ಬರಹವೋ, ಪಾಳಿ ಬದಲಾಗುವಾಗಿನ ಗಡಿಬಿಡಿಯೋ ಒಂದೊಂದಾಗಿ ಹೊರಬರುತ್ತದೆ. ಎರಡು ಹೊಗಳಿಕೆಗಳ ನಡುವೆ ಒಂದು ಬೈಗುಳವನ್ನಡಗಿಸುವ ಹೊಸ ಕಾಲದ ಉಪಾಯ ನನಗೆ ರುಚಿಸದು. ಮೊದಲ ಹೊಗಳಿಕೆ ಕಿವಿಗೆ ಬಿದ್ದೊಡನೆಯೇ ನೌಕರ ಮುಂಬರುವ ಪೆಟ್ಟಿಗೆ ಮೈ ಬಿಗಿಹಿಡಿಯುತ್ತಾನೆ. ಕುಡಿದು ಬಂದವನ, ಹಣ ನುಂಗಿದವನ ಮಾತು ಬೇರೆ. ಅವರಿಗಾಗಿ ನಿಯಮಾವಳಿ ಉಂಟು.

ಸಹಾನುಭೂತಿಯೆಂದರೆ ಸಡಿಲವೆಂದು ಶಂಕಿಸುವವರು 1979ರ ಆಗಸ್ಟ್ 10ರ ಪ್ರಸಂಗವನ್ನು ಪೂರ್ತಿಯಾಗಿ ನೋಡಬೇಕು. ಶ್ರೀಹರಿಕೋಟೆಯಿಂದ ಮೇಲೆದ್ದ ಎಸ್‌ಎಲ್‌ವಿ-3 ರಾಕೆಟ್ ಸಮುದ್ರದ ಪಾಲಾದಾಗ, ಯೋಜನೆಯ ಹೊಣೆ ಹೊತ್ತಿದ್ದ ಅಬ್ದುಲ್ ಕಲಾಂ ಅವರನ್ನು ಮುಂದೆ ದೂಡದೆ, ಇಸ್ರೊ ಅಧ್ಯಕ್ಷರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಸತೀಶ್ ಧವನ್ ತಾವೇ ಪತ್ರಕರ್ತರನ್ನೆದುರಿಸಿದ ಕಥೆ ಸರ್ವವಿದಿತ. ಹೇಳುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುವುದರಿಂದ ಅದು ಬರಿಯ ಔದಾರ್ಯದ ಕಥೆಯಾಗಿ ಉಳಿದುಬಿಟ್ಟಿದೆ. ಹೊರಗಿನವರ ಕಣ್ಣಿಂದ ಮರೆಯಾಗಿ ತರುವಾಯ ನಡೆದ ತನಿಖೆಯಾದರೋ ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲ ಸೋರಿಹೋದ ಎಡೆಯವರೆಗೂ ಹೋಯಿತು. ಹೊಣೆ ಕಲಾಂ ಅವರಲ್ಲಿಯೇ ಉಳಿಯಿತು. 1980ರ ಜುಲೈ 18ರಂದು ಅದೇ ಮಾದರಿಯ ಮುಂದಿನ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೇರಿಸಿತು. ಮೊದಲ ಉಡಾವಣೆಗೆ ಮುನ್ನ ಗಣಕಯಂತ್ರವು ತಡೆಯೊಡ್ಡಿದ್ದರೂ ತಜ್ಞರ ಮಾತು ನಂಬಿ ಮುಂದುವರಿಯಲು ನಿರ್ಧರಿಸಿದವನು ತಾನೇ ಎಂಬುದನ್ನು ಕಲಾಂ ಮುಂದೆ ವರ್ಷಾನುಗಟ್ಟಲೆ, ರಾಷ್ಟ್ರಪತಿಗಳಾದ ಮೇಲೆಯೂ, ಯಾರ ಒತ್ತಾಯವೂ ಇಲ್ಲದೆ ಸಭೆಗಳಲ್ಲಿ ಹೇಳಿಕೊಳ್ಳುತ್ತ ಬಂದರು.