ಹನಿಮೂನ್‌ಗೆ ಕಲ್ಲಿನೂರು!

ಮದುವೆ ಸೀಸನ್‌ನಲ್ಲಿ ಕಮರ್ಷಿಯಲ್ ಸ್ಟ್ರೀಟ್‌ಗೆ ಹೋದರೆ ಒಂದು ದೃಶ್ಯ ತಪ್ಪದೇ ಕಾಣುತ್ತದೆ. ಕೈತುಂಬ ಕವರ್ ಹಿಡಿದ ಮದುಮಗಳು, ಬೆವರು ಒರೆಸಿಕೊಳ್ಳುತ್ತ ಹಿಂದೆ ಬರುವ ಅಮ್ಮ, 'ಇನ್ನೂ ಎಷ್ಟು ಅಂಗಡಿ?' ಎಂದು ಮುಖ ಗಂಟು ಹಾಕಿಕೊಂಡ ಅಪ್ಪ. ಕಳೆದ ನವೆಂಬರ್‌ನಲ್ಲಿ ಅಂಥದೇ ಒಂದು ಗುಂಪಿನಲ್ಲಿ ನಾನೂ ಇದ್ದೆ. ಅಕ್ಕನ ಮಗಳ ಮದುವೆ. ಸೀರೆ, ಒಡವೆ ಎಲ್ಲ ಮುಗಿದು 'ಹನಿಮೂನ್ ಶಾಪಿಂಗ್' ಮಾತ್ರ ಉಳಿದಿತ್ತು.

ಚಪ್ಪಲಿ ಅಂಗಡಿಯಲ್ಲಿ ಹುಡುಗಿ ಮೂರಿಂಚಿನ ಹೀಲ್ಸ್ ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. "ಎಲ್ಲಿಗೇ ಹೊರಟಿದ್ದೀರಿ?" ಅಂತ ಕೇಳಿದೆ.

"ಬಾದಾಮಿ, ಐಹೊಳೆ, ಪಟ್ಟದಕಲ್ಲು, ಆಮೇಲೆ ಬಿಜಾಪುರ. ಅವರಿಗೆ ಹಳೇ ದೇವಸ್ಥಾನ ಅಂದ್ರೆ ಇಷ್ಟವಂತೆ ಚಿಕ್ಕಮ್ಮ."

ಅಕ್ಕನಿಗೆ ತಡೆಯಲಾಗಲಿಲ್ಲ. "ಎಲ್ಲರೂ ಊಟಿ, ಮನಾಲಿ ಅಂತ ಹೋಗ್ತಾರೆ. ಕಲ್ಲು ನೋಡೋಕೆ ಯಾರಾದ್ರೂ ಹನಿಮೂನ್‌ಗೆ ಹೋಗ್ತಾರೇನೇ?" ಎಂದಳು. ಹುಡುಗಿ ನಕ್ಕಳು. ಆದರೆ ಆಮೇಲೆ ಪಾನಿಪುರಿ ತಿನ್ನುವಾಗ, ಅಮ್ಮ ದೂರ ಇರುವುದನ್ನು ನೋಡಿಕೊಂಡು ಮೆಲ್ಲಗೆ ಹೇಳಿದಳು: "ಅವರ ಜೊತೆ ನಾನು ಸರಿಯಾಗಿ ಮಾತಾಡಿರೋದೇ ನಾಲ್ಕು ಸಲ. ಐದು ದಿನ ಇಬ್ಬರೇ... ಏನು ಮಾತಾಡೋದು ಚಿಕ್ಕಮ್ಮ?"

ಹೀಲ್ಸು, ಜಾಕೆಟ್ಟುಗಳ ಗಲಾಟೆಯಲ್ಲಿ ಯಾರೂ ಕೇಳದೇ ಬಿಟ್ಟಿದ್ದ ಪ್ರಶ್ನೆ ಅದು. ಹಿರಿಯರು ನೋಡಿ ಮಾಡಿದ ಮದುವೆಯಲ್ಲಿ ಹೆಚ್ಚು ಕಡಿಮೆ ಪ್ರತಿ ಹುಡುಗಿಯ ಮನಸ್ಸಿನಲ್ಲೂ ಈ ಅಳುಕು ಇರುತ್ತದೆ. ಅಲ್ವಾ?

ಮಾತಿಗೊಂದು ನೆಪ

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹೊಸ ಜೋಡಿ ಒಬ್ಬರ ಮುಖ ಒಬ್ಬರು ನೋಡುತ್ತ ಎಷ್ಟು ಹೊತ್ತು ಕೂರಲು ಸಾಧ್ಯ? ಮೊದಲ ದಿನವೇ ಮಾತು ಖಾಲಿಯಾಗಿ ಇಬ್ಬರೂ ಮೊಬೈಲ್ ಹಿಡಿಯುತ್ತಾರೆ. ಹಳೆಯ ಊರುಗಳಲ್ಲಿ ಹಾಗಾಗುವುದಿಲ್ಲ. ಅಲ್ಲಿ ಇಬ್ಬರೂ ಒಂದೇ ಕಡೆ ನೋಡುತ್ತೀರಿ. 'ಇವಳ ಕೈಯಲ್ಲಿ ಏನಿದೆ?', 'ಈ ಆನೆ ಯಾಕೆ ಹೀಗಿದೆ?' ಎಂದು ಶುರುವಾದ ಮಾತು ಬಾಲ್ಯ, ಮನೆ, ಭಯ, ಆಸೆ ಎಲ್ಲ ಕಡೆಗೂ ತಾನಾಗಿಯೇ ಹೋಗುತ್ತದೆ. ಆದರೆ ಒಂದು ಷರತ್ತು: ಅವಸರ ಮಾಡಬಾರದು. ಅದನ್ನು ನಾನು ಪೆಟ್ಟು ತಿಂದೇ ಕಲಿತೆ.

ನಾವು ಮಾಡಿದ ತಪ್ಪು

ನಮ್ಮ ಮದುವೆಯಾಗಿ 12 ವರ್ಷ. ನಾವೂ ಇದೇ ಊರುಗಳಿಗೆ ಹೋಗಿದ್ದೆವು, ಹಂಪಿಯನ್ನೂ ಸೇರಿಸಿಕೊಂಡು, ಬರೀ ನಾಲ್ಕು ದಿನದಲ್ಲಿ! ಟ್ಯಾಕ್ಸಿ ಇಳಿ, ಫೋಟೋ ತೆಗಿ, ಹತ್ತು, ಮತ್ತೆ ಇಳಿ. ನನ್ನ ಕಾಲಲ್ಲಿ ಹೊಸ ಹೀಲ್ಸ್. ಬಾದಾಮಿ ಗುಹೆಗಳ ಮೆಟ್ಟಿಲು ಹತ್ತುವಾಗ ಅದರ ಪಟ್ಟಿ ಕಿತ್ತುಬಂತು. ನಮ್ಮವರು ಹಿಂದಿರುಗಿ ನೋಡದೆ ಮೇಲೆ ಹೋಗಿಬಿಟ್ಟರು. ನಾನು ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಅತ್ತೆ. ಆಮೇಲೆ ಎರಡು ದಿನ ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತುಹೋಯಿತು. 'ಈ ಮನುಷ್ಯನ ಜೊತೆ ಇಡೀ ಜೀವನ ಹೇಗಪ್ಪಾ?' ಅಂತ ಅನ್ನಿಸಿದ್ದು ಸುಳ್ಳಲ್ಲ.

ಸರಿಹೋಗಿದ್ದು ಬಿಜಾಪುರದಲ್ಲಿ. ಗೋಲಗುಂಬಜ್‌ನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಅವರು ಆ ತುದಿ, ನಾನು ಈ ತುದಿ. ನಡುವೆ ಸುಮಾರು 38 ಮೀಟರ್. ಗೋಡೆಗೆ ಮುಖ ಮಾಡಿ ಅವರು ಅಂದಿದ್ದು ನನ್ನ ಕಿವಿಯ ಪಕ್ಕದಲ್ಲೇ ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು: "ಕಾಲು ಇನ್ನೂ ನೋಯ್ತಿದೆಯಾ?" ಎದುರು ನಿಂತು ಹೇಳಲು ಆಗದ್ದನ್ನು ಗೋಡೆಯ ಮೂಲಕ ಹೇಳಿದರು. ಮೊದಲೇ ನಿಧಾನವಾಗಿ ಹೋಗಿದ್ದರೆ ಎರಡು ದಿನದ ಕಣ್ಣೀರು ಉಳಿಯುತ್ತಿತ್ತು.

ಐದು ದಿನದ ಪ್ಲ್ಯಾನ್

ಬಾದಾಮಿಯಲ್ಲಿ ಮೂರು ರಾತ್ರಿ ಒಂದೇ ಕಡೆ ರೂಮು ಮಾಡಿ. ಬೆಂಗಳೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಪ್ರಯಾಣ ಮಾಡಿದರೆ ಬೆಳಿಗ್ಗೆ ಬಾದಾಮಿ. ಮೊದಲ ದಿನ ಸುಮ್ಮನೆ ವಿಶ್ರಾಂತಿ. ಮದುವೆಯ ಸುಸ್ತೇ ಇನ್ನೂ ಇಳಿದಿರುವುದಿಲ್ಲ. ಸಂಜೆ ಅಗಸ್ತ್ಯ ತೀರ್ಥದ ದಡದಲ್ಲಿ ಕೂತರೆ ಸಾಕು, ಕೆಂಪು ಬಂಡೆಗಳು ಬಣ್ಣ ಬದಲಿಸುವುದನ್ನು ನೋಡುತ್ತ ಹೊತ್ತು ಹೋಗುತ್ತದೆ.

ಎರಡನೇ ದಿನ ಬೆಳಿಗ್ಗೆ ಗುಹೆಗಳು. ಮೂರನೆಯದು ಚಾಲುಕ್ಯ ಮಂಗಳೇಶ ಮಾಡಿಸಿದ್ದು, ಕ್ರಿ.ಶ. 578ರ ಶಾಸನವಿದೆ. ಅಲ್ಲಿ ಕಂಬಗಳ ಮೇಲ್ತುದಿಯನ್ನು ತಲೆಯೆತ್ತಿ ನೋಡಿ. ಒಬ್ಬರಿಗೊಬ್ಬರು ಒರಗಿ ನಿಂತ ಜೋಡಿಗಳ ಶಿಲ್ಪಗಳಿವೆ. ಅವರು ಹಾಗೆ ನಿಂತು 1400 ವರ್ಷದ ಮೇಲಾಯಿತು!

ಮೂರನೇ ದಿನ ಐಹೊಳೆ, ಪಟ್ಟದಕಲ್ಲು. ಐಹೊಳೆಯ ದುರ್ಗಾ ಗುಡಿಗೆ ಆ ಹೆಸರು ಬಂದಿದ್ದು ದೇವಿಯಿಂದಲ್ಲ, ಪಕ್ಕದ ದುರ್ಗದಿಂದ, ಅಂದರೆ ಕೋಟೆಯಿಂದ. ಪಟ್ಟದಕಲ್ಲು 1987ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಅಲ್ಲಿನ ದೊಡ್ಡ ವಿರೂಪಾಕ್ಷ ದೇವಾಲಯ ಕಟ್ಟಿಸಿದ್ದು ಒಬ್ಬ ಹೆಂಡತಿ, ರಾಣಿ ಲೋಕಮಹಾದೇವಿ. ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ದೇವಾಲಯ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಆಕೆಯೂ ಅದೇ ರಾಜನ ರಾಣಿ. 'ನನಗಾಗಿ ನೀನು ಏನು ಕಟ್ಟಿಸ್ತೀಯ?' ಎಂದು ಅಲ್ಲೇ ಕೇಳಿಕೊಂಡು ನಗಬಹುದು.

ನಾಲ್ಕನೇ ದಿನ ವಿಜಯಪುರ. ಗೋಲಗುಂಬಜ್ ಮೊಹಮ್ಮದ್ ಆದಿಲ್ ಶಾಹನ ಸಮಾಧಿ. ಅವನು ತೀರಿಕೊಂಡಿದ್ದು 1656ರಲ್ಲಿ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ. ಶಾಲಾ ಮಕ್ಕಳ ಬಸ್ಸು ಬಂದ ಮೇಲೆ ಬರೀ ಶಿಳ್ಳೆ, ಪಿಸುಮಾತು ಕೇಳಿಸುವುದಿಲ್ಲ. ಐದನೇ ದಿನಕ್ಕೆ ಇಬ್ರಾಹಿಂ ರೋಜಾ ಇಟ್ಟುಕೊಳ್ಳಿ. ರಾಣಿ ತಾಜ್ ಸುಲ್ತಾನಾಗೆಂದು ಕಟ್ಟಲು ಶುರುಮಾಡಿದ್ದು. 1627ರಲ್ಲಿ ತೀರಿಕೊಂಡ ಗಂಡ ಇಮ್ಮಡಿ ಇಬ್ರಾಹಿಂ ಆದಿಲ್ ಶಾಹನೂ ಅವಳ ಜೊತೆ ಅಲ್ಲೇ ಇದ್ದಾನೆ. ಅಂದು ರಾತ್ರಿಯ ರೈಲಿಗೆ ವಾಪಸ್.

ಹಂಪಿಯನ್ನು ಇದರಲ್ಲಿ ತುರುಕಬೇಡಿ. ಅದಕ್ಕೇ ಪೂರ್ತಿ ಎರಡು ದಿನ ಬೇಕು. ಮೊದಲ ವೆಡ್ಡಿಂಗ್ ಆನಿವರ್ಸರಿಗೆ ಮೀಸಲಿಡಿ.

ರಜೆ ಸಿಗದಿದ್ದರೆ?

ಮೂರೇ ದಿನ ರಜೆ ಇದ್ದರೆ ಬೇಲೂರು, ಹಳೇಬೀಡು ಸಾಕು. ಎರಡಕ್ಕೂ ನಡುವೆ 16 ಕಿ.ಮೀ. ಅಷ್ಟೇ. 1117ರಲ್ಲಿ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ಅದೇ ಆವರಣದ ಕಪ್ಪೆ ಚೆನ್ನಿಗರಾಯನ ಗುಡಿ ರಾಣಿ ಶಾಂತಲೆಯದು. ಸೋಮನಾಥಪುರವೂ ಸೇರಿ ಮೂರೂ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ.

ಅದಕ್ಕೂ ಬಿಡುವಿಲ್ಲ ಎನ್ನುವವರಿಗೆ ಹಲಸೂರು ಇದೆ! ಕಮರ್ಷಿಯಲ್ ಸ್ಟ್ರೀಟ್‌ನಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ. ಅಲ್ಲಿನ ಹಳೆಯ ಸೋಮೇಶ್ವರ ದೇವಸ್ಥಾನದಲ್ಲಿ ಗಿರಿಜಾ ಕಲ್ಯಾಣದ ಶಿಲ್ಪವಿದೆ. ಕೈಲಾಸವನ್ನು ಎತ್ತಲು ಹೊರಟ ರಾವಣನಿದ್ದಾನೆ. ಶಾಪಿಂಗ್ ಮುಗಿಸಿ ಹುಡುಗಿಯನ್ನು ಅಲ್ಲಿಗೆ ಕರೆದೊಯ್ದೆ, ಒಂದು ರಿಹರ್ಸಲ್ ಅಂತ. ಹತ್ತು ನಿಮಿಷ ಒಂದೇ ಶಿಲ್ಪದ ಮುಂದೆ ನಿಂತು ನೋಡಿದಳು. "ಬೇಜಾರೇ ಆಗಲಿಲ್ಲ ಚಿಕ್ಕಮ್ಮ" ಎಂದಳು. ಮದುವೆಯಾಗಿ ಹತ್ತು ವರ್ಷವಾಗಿ, ಮಾತೆಲ್ಲ ಹಾಲು, ತರಕಾರಿ, ಸ್ಕೂಲ್ ಫೀಸಿಗೆ ಬಂದು ನಿಂತಿದೆಯೇ? ಒಂದು ಭಾನುವಾರ ಬೆಳಿಗ್ಗೆ ನಿಮ್ಮವರನ್ನೂ ಅಲ್ಲಿಗೆ ಎಳೆದುಕೊಂಡು ಹೋಗಿ ನೋಡಿ.

ಇವು ನೆನಪಿರಲಿ

* ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಸಮಯ. ಏಪ್ರಿಲ್, ಮೇನಲ್ಲಿ ಮದುವೆಯಾದವರು ಬಾದಾಮಿ ಬಿಸಿಲಿಗೆ ಹೋಗಬೇಡಿ. ಆಷಾಢ ಮುಗಿದು ಮಳೆ ಕಡಿಮೆಯಾದ ಮೇಲೆ ಹೊರಡಿ.

* ಹೀಲ್ಸ್ ಬೇಡ. ಚಪ್ಪಟೆ ಅಡಿಯ, ಈಗಾಗಲೇ ಒಂದು ವಾರ ಹಾಕಿ ನಡೆದ ಚಪ್ಪಲಿ ಇರಲಿ. ದೇವಸ್ಥಾನಗಳಲ್ಲಿ ಚಪ್ಪಲಿ ಬಿಡಬೇಕು, ಮಧ್ಯಾಹ್ನ ಕಲ್ಲು ಸುಡುತ್ತದೆ. ಇಬ್ಬರಿಗೂ ಒಂದೊಂದು ಜೊತೆ ಕಾಟನ್ ಸಾಕ್ಸ್ ಬ್ಯಾಗಲ್ಲಿರಲಿ.

* ಬೆಳಿಗ್ಗೆ 10ರೊಳಗೆ, ಸಂಜೆ 4ರ ನಂತರ ಸುತ್ತಾಡಿ. ಮಧ್ಯಾಹ್ನ ಊಟ, ನಿದ್ದೆ. ದಿನಕ್ಕೆ ಎರಡು ಜಾಗಕ್ಕಿಂತ ಹೆಚ್ಚು ಬೇಡ.

* ಬಾದಾಮಿ ಗುಹೆಗಳಲ್ಲಿ ಮಂಗಗಳ ಕಾಟ. ತಿಂಡಿಯ ಪ್ಲಾಸ್ಟಿಕ್ ಕವರ್ ಕೈಯಲ್ಲಿ ಹಿಡಿದು ನಡೆಯಬೇಡಿ.

* ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಗೈಡ್ ಬಳಿ ಗುರುತಿನ ಚೀಟಿ ಇದೆಯೇ ನೋಡಿ, ರೇಟು ಮೊದಲೇ ಮಾತಾಡಿ.

* ಭಾರಿ ಒಡವೆ ಮನೆಯಲ್ಲೇ ಇರಲಿ. ಲಾಡ್ಜಿನಲ್ಲಿ ತೋರಿಸಲು ಇಬ್ಬರ ಗುರುತಿನ ಚೀಟಿಯೂ ಬೇಕು. ಮುಟ್ಟಿನ ದಿನಗಳನ್ನು ನೋಡಿಕೊಂಡೇ ತಾರೀಖು ಗೊತ್ತುಮಾಡಿ. ಮುಂದೂಡುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ.

* ಎಲ್ಲ ದುಡ್ಡನ್ನೂ ಕಮರ್ಷಿಯಲ್ ಸ್ಟ್ರೀಟ್‌ನಲ್ಲೇ ಸುರಿಯಬೇಡಿ. ಬಾದಾಮಿಯ ಹತ್ತಿರವೇ ಗುಳೇದಗುಡ್ಡ, ಅಲ್ಲಿಯ ಖಣ ತನ್ನಿ. ಇಳಕಲ್ ಸೀರೆಗೂ ಒಂದಿಷ್ಟು ಉಳಿಸಿಕೊಳ್ಳಿ. ರವಿಕೆ ಬೇಕಾದರೆ ವಾಪಸ್ ಬಂದ ಮೇಲೆ ಇಲ್ಲಿ ಹೊಲಿಸಿಕೊಳ್ಳಬಹುದು.

ಕೊನೆಗೆ ಬಂದ ಫೋನು

ಹೀಲ್ಸ್ ಅಂಗಡಿಯಲ್ಲೇ ಉಳಿಯಿತು. ಹುಡುಗಿ ಸಾದಾ ಚಪ್ಪಲಿ ಹಾಕಿಕೊಂಡು ಹೋದಳು. ನಾಲ್ಕನೇ ದಿನ ಸಂಜೆ ವಿಜಯಪುರದಿಂದ ಫೋನು.

"ಚಿಕ್ಕಮ್ಮ, ಇವರಿಗೆ ಎತ್ತರ ಅಂದ್ರೆ ಭಯವಂತೆ! ಯಾರಿಗೂ ಹೇಳಿಲ್ಲವಂತೆ. ಗೋಲಗುಂಬಜ್ ಮೆಟ್ಟಿಲು ಹತ್ತುವಾಗ ನನ್ನ ಕೈ ಬಿಡಲೇ ಇಲ್ಲ."

"ಪಿಸುಮಾತು ಕೇಳಿಸ್ತಾ?" ಎಂದೆ.

"ಎಲ್ಲಿ ಕೇಳಿಸುತ್ತೆ? ಆ ಕಡೆ ಒಬ್ಬರೇ ಹೋಗಲ್ಲ ಅಂದ್ರು. ಇಬ್ಬರೂ ಒಂದೇ ಕಡೆ ಕೂತು ಮಾತಾಡಿದ್ವಿ" ಎಂದು ನಕ್ಕಳು.

ಫೋನಿಟ್ಟ ಮೇಲೆ ಅಕ್ಕನಿಗೆ ಹೇಳಿದೆ. "ಕಲ್ಲು ನೋಡೋಕೆ ಹೋದದ್ದು ಒಳ್ಳೇದೇ ಆಯ್ತು ಬಿಡು" ಅಂದಳು.